ಏಳನೆಯ ಸಾಲು

11 ಫೆಬ್ರವರಿ

ಅಪ್ಪಾ,

ಒಪ್ಪಂದದಲ್ಲಿ ಕಂಪನಿ ಕೊಡುತ್ತೇನೆಂದದ್ದು: ಕೆಲಸದಿಂದ ತೆಗೆದ ಅರವತ್ತು ಮಂದಿಯಲ್ಲಿ ಹನ್ನೊಂದು ಮಂದಿಗೆ ಮತ್ತೆ ಕೆಲಸ. ಉಳಿದವರು ಬೇರೆ ಕೆಲಸ ಕಲಿಯಲು "ಸುಸ್ಥಿತಿಯಲ್ಲಿರುವ" ನಲವತ್ತು ಕಂಪ್ಯೂಟರ್. ಸಂಘಕ್ಕೆ ಒಂದು ಕೋಣೆ. ಯಂತ್ರದ ಕೋಣೆಗೆ ನೀನೇ ಬೆಂಕಿ ಇಟ್ಟೆ ಎಂಬ ದೂರು ವಾಪಸ್.

ಕೊಟ್ಟದ್ದು: ಹನ್ನೊಂದರಲ್ಲಿ ಒಬ್ಬರಿಗೂ ಕೆಲಸ ಸಿಗಲಿಲ್ಲ. ಕೋಣೆ ಕೊಡುವುದಿರಲಿ, ಮಾಲೀಕನ ಕಿವಿಯೂದಿ ನಮ್ಮ ಬಾಡಿಗೆ ಕೋಣೆಗೇ ಬೀಗ ಹಾಕಿಸಿದರು. ದೂರು ಹಾಗೇ ಇದೆ, ನೀನು ಜೈಲಿನ ಒಳಗೇ ಇದ್ದೀಯ. ತಿಂಗಳಿಗೊಂದು ಭೇಟಿ ಎಂದವರು ನಿನ್ನನ್ನು ಒಂದು ಹಗಲಿನ ದಾರಿಯಾಚೆ ಸಾಗಿಸಿ ಅದನ್ನೂ ನಿಲ್ಲಿಸಿದರು.

ನಲವತ್ತು ಕಂಪ್ಯೂಟರ್ ಮಾತ್ರ ಬಂದಿವೆ. ಲಾರಿಯವನು ಮನೆ ಮುಂದೆ ಇಟ್ಟಿಗೆ ಸುರಿದ ಹಾಗೆ ಸುರಿದು ಹೋದ. ಒಂದರಲ್ಲೂ ಆಪರೇಟಿಂಗ್ ಸಿಸ್ಟಂ ಇಲ್ಲ, ಡಿಸ್ಕ್ ಒರೆಸಿ ಕಳಿಸಿದ್ದಾರೆ. ಸಿ.ಡಿ. ಹಾಕುವ ಬಾಯಿ ಕಿತ್ತಿದ್ದಾರೆ. ಪೆನ್‌ಡ್ರೈವ್ ತೂತುಗಳಿಗೆಲ್ಲ ಗೋಂದು ತುಂಬಿ ಕಲ್ಲಾಗಿದೆ. ಏಪ್ರಿಲ್ ಹದಿನೈದಕ್ಕೆ ಕಂಪನಿಯ ಅಧಿಕಾರಿ (ಎಲ್ಲರೂ ಟೈ ಸಾಹೇಬ ಅನ್ನುತ್ತಾರಲ್ಲ, ಅವನೇ) ಬಂದು ನೋಡುತ್ತಾನಂತೆ. ಓಡದ ಯಂತ್ರ ಇದ್ದರೆ "ಬಳಕೆಯಿಲ್ಲ" ಎಂದು ಎಲ್ಲವನ್ನೂ ವಾಪಸ್ ಒಯ್ಯುತ್ತಾನಂತೆ. ಕಣ್ಣು ಕಿತ್ತು ಕನ್ನಡಕ ಕೊಟ್ಟರು, ಈಗ ಕನ್ನಡಕ ಹಾಕಿಕೊಂಡಿಲ್ಲ ಎಂದು ದಂಡ.

ಬೀಗ ಬೀಳುವ ಮೊದಲು ಕ್ಯಾಂಟೀನಿನ ಅಕ್ಕ ಸಂಘದ ಹಳೆಯ ಕಂಪ್ಯೂಟರನ್ನು, ನಮ್ಮ ಅಜ್ಜಿಯನ್ನು, ಬೆಡ್‌ಶೀಟಿನಲ್ಲಿ ಸುತ್ತಿ ಸೊಂಟದ ಮೇಲೆ ಹೊತ್ತು ಮನೆಗೆ ತಂದಳು. ಎಲ್ಲವನ್ನೂ ನೆನಪಿಡುತ್ತದೆ ಎಂದು ನೀನೇ ಇಟ್ಟ ಹೆಸರು. ಬೆಂಕಿ ಬಿದ್ದ ಹೊತ್ತಿಗೆ ನೀನು ಗೇಟಿನಲ್ಲಿ ಜನರನ್ನು ಹಿಂದೆ ಕರೆಯುತ್ತಿದ್ದುದನ್ನು ಅಕ್ಕ ಫೋನಿನಲ್ಲಿ ಹಿಡಿದಿದ್ದಳಲ್ಲ. ಆ ಫೋನನ್ನು ಪೊಲೀಸರು ತೆಗೆದುಕೊಂಡು "ಕಳೆದುಹೋಯಿತು" ಎಂದರು. ಈಗ ಆ ಚಿತ್ರ ಇರುವುದು ಅಜ್ಜಿಯ ಹೊಟ್ಟೆಯಲ್ಲಿ ಮಾತ್ರ. ಐವತ್ತಮೂರು ಮಂದಿಯ ಹೇಳಿಕೆಗಳೂ ಅಲ್ಲೇ. ವಕೀಲಮ್ಮ ಕೋರ್ಟಿಗೇ ಹೇಳಿದ ಮೇಲೆ ಇದು ಗುಟ್ಟೇನಲ್ಲ. ಅಜ್ಜಿಯ ಪೆನ್‌ಡ್ರೈವ್ ತೂತಿಗೂ ಗೋಂದು. ಸಂಘದ ಕೋಣೆಯಲ್ಲಿದ್ದಾಗ ಇಂಟರ್ನೆಟ್ಟಿನಲ್ಲಿ ಕಳಿಸಲು ಹೋದರೆ ಅರ್ಧಕ್ಕೇ ನಿಂತಿತು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ತಂತಿಗಳನ್ನು ಕೂಡಿಸುವ ಎಂಟು ತೂತಿನ ಸ್ವಿಚ್ಚಿನಲ್ಲಿ ಕೊನೆಯದಕ್ಕೆ ಅಜ್ಜಿಯ ತಂತಿ ಸಿಕ್ಕಿಸಿಟ್ಟಿದ್ದೇನೆ, ಎಂದಾದರೂ ನಿನ್ನ ಕಂಪ್ಯೂಟರಿಗೆ ಒಂದು ಪ್ರತಿ ಇಳಿಸಲು.

ಹತ್ತೊಂಬತ್ತು ವರ್ಷ ಅದೇ ಕಂಪನಿಯ ಯಂತ್ರಗಳನ್ನು ನೋಡಿಕೊಂಡವನು ನೀನು. ಬಾಯಿಯೂ ಇಲ್ಲದ, ತೂತೂ ಇಲ್ಲದ ಈ ನಲವತ್ತಕ್ಕೆ ಜೀವ ತುಂಬುವುದು ಹೇಗೆ? ನನ್ನಂಥ ಜೆರಾಕ್ಸ್ ಅಂಗಡಿಯವಳಿಗೆ ಅರ್ಥವಾಗುವ ಹಾಗೆ ಬರೆ.

ನಿನ್ನ ಮಗಳು

ಫೆಬ್ರವರಿ ██

ಮಗಳೇ,

ನಿನ್ನ ಪತ್ರ ಬಂತು, ದಿನಾಂಕದ ಮೇಲೆ ಮಸಿ ಬಳಿದುಕೊಂಡು. ಉಳಿದ ಬಾಗಿಲೆಲ್ಲ ಮುಚ್ಚಿದರೂ ಅವರು ಒಂದನ್ನು ಮರೆತಿದ್ದಾರೆ. ನೆಟ್‌ವರ್ಕ್ ತಂತಿಯ ತೂತು ತೆರೆದೇ ಇದೆಯಲ್ಲ? ಅಲ್ಲಿಂದಲೇ ಎಲ್ಲ ಆಗಬೇಕು.

ಕೇಳು. ಡಿಸ್ಕ್ ಖಾಲಿಯಿದ್ದರೂ ಯಂತ್ರ ಎದ್ದ ಕೂಡಲೇ ತಂತಿಯಲ್ಲಿ ಕೂಗುತ್ತದೆ: "ನಾನ್ಯಾರು? ನನ್ನ ವಿಳಾಸ ಏನು? ನನಗೇನಾದರೂ ಇದೆಯಾ?" ಆ ಕೂಗಿಗೆ ಉತ್ತರ ಕೊಡುವವರು ಮನೆಯಲ್ಲಿ ಒಬ್ಬರಿರಬೇಕು. ನನ್ನ ಮೇಜಿನ ಮೇಲಿನ ಕಂಪ್ಯೂಟರನ್ನೇ ಆ ಸರ್ವರ್ ಮಾಡು. ಅದು ಮೊದಲು ಕೂಗಿದ ಕೂಸಿಗೆ ಒಂದು ವಿಳಾಸ ಕೊಡುತ್ತದೆ, ಆಮೇಲೆ ಒಂದು ಸಣ್ಣ ಫೈಲು, ಆ ಫೈಲು ಹೋಗಿ ಇಡೀ ಸಿಸ್ಟಂ ಎಳೆದು ತರುತ್ತದೆ. ಸರ್ವರಿಗೆ ಈ ವಿಳಾಸ ಕೊಡು.
████████████████████
████████████████
ಇಂಟರ್ನೆಟ್ ಡಬ್ಬಿಯೂ ವಿಳಾಸ ಹಂಚುತ್ತಿರುತ್ತದೆ, ಅದನ್ನು ನಿಲ್ಲಿಸು. ಒಂದು ಒಲೆಗೆ ಇಬ್ಬರು ಅಡಿಗೆಯವರು ಬೇಡ.
██████████████████
███████████████████████
ತಂತಿಗಳೆಲ್ಲ ಗಟ್ಟಿಯಾಗಿ ಕೂತಿವೆಯೋ ನೋಡು.
█████████████████████
██████████████
ಆಮೇಲೆ ಒಂದೊಂದೇ ಯಂತ್ರಕ್ಕೆ ಕರೆಂಟ್ ಕೊಡು.
██████████████████

ಅವಸರ ಬೇಡ. ಚೆನ್ನಾಗಿ ಉಣ್ಣು.

ಅಪ್ಪ

ಮಾರ್ಚ್ ಮೂರು

ಅಪ್ಪಾ,

ನಿನ್ನ ಪತ್ರ ನೋಡಿ ಕ್ಯಾಂಟೀನಿನ ಅಕ್ಕ, "ಇದೇನೇ, ಕಾಗದಕ್ಕೆ ದೃಷ್ಟಿಬೊಟ್ಟು ಇಟ್ಟಿದಾರಾ?" ಎಂದಳು. ಏಳು ಸಾಲು ಕಪ್ಪು. ದಿನಾಂಕವನ್ನೂ ಬಿಟ್ಟಿಲ್ಲ. ಬೆಳಕಿಗೆ ಹಿಡಿದೆ, ಹಿಂದಿನಿಂದ ನೋಡಿದೆ, ಅಂಗಡಿಯ ಯಂತ್ರದಲ್ಲಿಟ್ಟು ತಿಳಿಯಾಗಿಯೂ ದಟ್ಟವಾಗಿಯೂ ಜೆರಾಕ್ಸ್ ತೆಗೆದೆ. ಮಸಿ ಹಾಕಿದ ಸಾಹೇಬನಿಗೆ ಕೆಲಸದಲ್ಲಿ ನಿಷ್ಠೆ ಇದೆ, ಒಂದಕ್ಷರವೂ ಮಿಣುಕಲಿಲ್ಲ.

ಮಸಿ ಬಿದ್ದ ಆ ಏಳು ಸಾಲನ್ನು ಮತ್ತೆ ಬರೆ. ಸರ್ವರಿಗೆ ಏನು ಬೇಕೆಂದು ಗೊತ್ತಾಯಿತು, ಯಾವ ವಿಳಾಸ ಎಂದು ಗೊತ್ತಾಗಲಿಲ್ಲ. ವಾರಕ್ಕೆ ಒಂದೇ ಭಾನುವಾರ, ಸ್ವಿಚ್ಚಿನಲ್ಲಿ ಒಂದು ಸಲಕ್ಕೆ ಐದೇ ಯಂತ್ರಕ್ಕೆ ಜಾಗ. ಹಾಸಿಗೆ ಬಿಚ್ಚಲು ಜಾಗವಿಲ್ಲದೆ ಯಂತ್ರಗಳ ಸಾಲಿಗೆ ಒರಗಿ ಮಲಗುತ್ತಿದ್ದೇನೆ.

ನಿನಗೆ ಬರೆಯುವ ಪತ್ರಗಳಿಗೆಲ್ಲ ಒಂದೊಂದು ಪ್ರತಿ ತೆಗೆದಿಡುತ್ತೇನೆ. ಅಂಗಡಿಯ ಅಭ್ಯಾಸ.

ನಿನ್ನ ಮಗಳು

ಮಾರ್ಚ್ ಹದಿನಾಲ್ಕು

ಮಗಳೇ,

ಮಸಿ ಸಾಹೇಬರನ್ನು ಕಂಡು ಕೇಳಿದೆ. "ಅಂಕಿ ಇರೋ ಸಾಲು ಹೋಗುತ್ತೆ ಮಾರಾಯ. ಒಳಗೆ ಏನಿದೆ ಅಂತ ನಾನು ಓದಲ್ಲ, ಅಂಕಿ ಕಂಡ್ರೆ ಹೊಡೀತೀನಿ" ಎಂದರು. "ಅಕ್ಷರದಲ್ಲಿ ಬರೆದರೆ?" ಎಂದೆ. "ದಿನಾಂಕ ಆದ್ರೆ ಬಿಡ್ತೀನಿ. ಸಾಲಾಗಿ ನಾಲ್ಕು ಬಂದ್ರೆ ಅದೂ ಹೋಗುತ್ತೆ." ಓದದೆ ಅಳಿಸುವವರ ಕೈಯಲ್ಲಿ ನಾವಿದ್ದೇವೆ. ಓದಿ ಅಳಿಸುವವರೇ ಇವರಿಗಿಂತ ವಾಸಿ. ಅವರಿಗೆ ನಮ್ಮ ಮೇಲೆ ಸಿಟ್ಟಾದರೂ ಇರುತ್ತದೆ.

ಹಾಗಾಗಿ ಹೀಗೆ ಬರೆಯುತ್ತೇನೆ. ವಿಳಾಸದಲ್ಲಿ ನಾಲ್ಕು ಮನೆ. ಮೊದಲನೆಯದು, ನಿನ್ನ ಎರಡು ಕೈಯ ಬೆರಳು. ಎರಡನೆಯದೂ ಮೂರನೆಯದೂ, ಕಂಪನಿ ನಮಗೆ ಕೊಟ್ಟ ಮರ್ಯಾದೆ. ಕೊನೆಯದು, ಅಮ್ಮ ಹೋದಾಗ ನಿನಗಿದ್ದ ವಯಸ್ಸು. ಹೊಸ ಯಂತ್ರಗಳಿಗೆ ಹಂಚುವ ವಿಳಾಸ ಅಮ್ಮ ಬದುಕಿದ್ದ ವರ್ಷಗಳಿಂದ ಶುರುವಾಗಿ ನನ್ನ ಈಗಿನ ವಯಸ್ಸಿಗೆ ಮುಗಿಯಲಿ, ಅಷ್ಟು ಸಾಕು. ಡಬ್ಬಿಯಲ್ಲಿ ವಿಳಾಸ ಹಂಚುವ ಪುಟ ಮೇಲಿನಿಂದ ಮೂರನೆಯದು, ಅದರ ಗುಪ್ತಪದ ನೀನು ಮೊದಲು ಕಲಿತ ಮಾತು. ಸಣ್ಣ ಫೈಲಿನ ಹೆಸರನ್ನು ನನ್ನ ಹಸಿರು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿದ್ದೇನೆ.

ಇನ್ನೊಂದು. ಇನ್‌ಸ್ಟಾಲ್ ಆಗುವಾಗ ಯಂತ್ರ ನೂರೆಂಟು ಪ್ರಶ್ನೆ ಕೇಳುತ್ತದೆ. ಭಾಷೆ ಯಾವುದು, ಹೆಸರೇನು, ಡಿಸ್ಕ್ ಅಳಿಸಲೇ. ನಲವತ್ತಕ್ಕೂ ಕೂತು ಉತ್ತರಿಸಿದರೆ ನಿನ್ನ ಭಾನುವಾರಗಳು ಮುಗಿದುಹೋಗುತ್ತವೆ. ಎಲ್ಲ ಉತ್ತರವನ್ನೂ ಮೊದಲೇ ಒಂದು ಫೈಲಿನಲ್ಲಿ ಬರೆದು ಸರ್ವರಿನಲ್ಲಿಡು. ಆಮೇಲೆ ಅದು ಏನೂ ಕೇಳುವುದಿಲ್ಲ, ನೇರ ಅಳಿಸಿ ಹಾಕುತ್ತದೆ. ಹೇಗೆಂದು ಅದೇ ಪುಸ್ತಕದಲ್ಲಿದೆ.

ಹೇಳಬೇಕಾದದ್ದೆಲ್ಲ ಹೇಳಿದೆ ಅಂದುಕೊಳ್ಳುತ್ತೇನೆ.

ಅಪ್ಪ

ಮಾರ್ಚ್ ಇಪ್ಪತ್ತೊಂಬತ್ತು

ಅಪ್ಪಾ,

ಹುಟ್ಟಿತು! ಬೆಳಿಗ್ಗೆ ಮೊದಲ ಯಂತ್ರ ಕಪ್ಪು ಪರದೆಯಲ್ಲಿ ಎರಡು ನಿಮಿಷ ಸುಮ್ಮನಿತ್ತು. ಆಮೇಲೆ ಸಾಲು ಸಾಲಾಗಿ ಅಕ್ಷರ ಓಡಿದವು. ಕ್ಯಾಂಟೀನಿನ ಅಕ್ಕ ಬಾಗಿಲಲ್ಲೇ ನಿಂತು, "ನಿಮ್ಮಪ್ಪನ ಪೆಟ್ಟಿಗೆ ಸೂಲಗಿತ್ತಿ ಆಯ್ತಲ್ಲೇ!" ಎಂದಳು. ಈಗ ಸರ್ವರಿಗೆ ಅದೇ ಹೆಸರು. ಸಂಜೆಯೊಳಗೆ ಹತ್ತು ಹೆರಿಗೆ.

ಕೊನೆಯ ಮನೆಯ ಸಂಖ್ಯೆ ಒತ್ತುವಾಗ ಕೈ ಸ್ವಲ್ಪ ನಿಂತಿತು. ಅಷ್ಟೇ.

ಉತ್ತರದ ಫೈಲೂ ಬರೆದೆ. ಈಗ ಯಂತ್ರ ಏನೂ ಕೇಳುವುದಿಲ್ಲ. ತಂತಿ ಹಾಕು, ಕರೆಂಟ್ ಕೊಡು, ಅನ್ನಕ್ಕಿಡು. ಅನ್ನ ಬೇಯುವಷ್ಟರಲ್ಲಿ ಮುಗಿದಿರುತ್ತದೆ. ಜಾಮೀನಿನ ವಿಚಾರಣೆ ಮೇ ಹನ್ನೆರಡಕ್ಕೆ. ಅಷ್ಟರೊಳಗೆ ವಕೀಲಮ್ಮನಿಗೆ ಚಿತ್ರದ ಪ್ರತಿ ಬೇಕು. ಬರುವ ಭಾನುವಾರ ಅಜ್ಜಿಯನ್ನು ಎಬ್ಬಿಸಿ ಸೂಲಗಿತ್ತಿಗೆ ಎಲ್ಲವನ್ನೂ ಇಳಿಸುತ್ತೇವೆ. ಇಲ್ಲಿಗೆ ಬಂದಾಗಿನಿಂದ ಮುದುಕಿ ಮಲಗೇ ಇದ್ದಾಳೆ.

ಅಪ್ಪಾ, ಎಷ್ಟೋ ತಿಂಗಳ ಮೇಲೆ ನಮ್ಮ ಕೈಯಿಂದ ಒಂದು ಕೆಲಸ ಆಯಿತು.

ನಿನ್ನ ಮಗಳು

ಏಪ್ರಿಲ್ ಒಂಬತ್ತು

ಮಗಳೇ,

ನಿನ್ನ ಪತ್ರ ಈಗ ಸಿಕ್ಕಿತು. ನೀನು ಹೇಳಿದ ಭಾನುವಾರ ಆಗಲೇ ಕಳೆದಿದೆ.

ಅಜ್ಜಿಯ ತಂತಿ ಕಿತ್ತಿದ್ದೆ ತಾನೆ? ಮೊದಲ ಪತ್ರದಲ್ಲೇ ಬರೆದಿದ್ದೆ: ಅಜ್ಜಿಯ ತಂತಿ ಎಂಟನೆಯ ತೂತಿನಲ್ಲಿದ್ದರೆ ಸರ್ವರ್ ಶುರು ಮಾಡುವ ಮೊದಲು ಅದನ್ನು ಕೀಳು, ಅವಳೂ ಎದ್ದ ಕೂಡಲೇ ತಂತಿಯನ್ನೇ ಕೇಳುವವಳು. "ಎಂಟು" ಎಂದು ಅಂಕಿಯಲ್ಲಿ ಬರೆದೆನೋ ಅಕ್ಷರದಲ್ಲೋ ನೆನಪಾಗುತ್ತಿಲ್ಲ. ಆ ಸಾಲು ನಿನಗೆ ಬಂದಿತ್ತೇ? ಇದೊಂದಕ್ಕೆ ಕೂಡಲೇ ಉತ್ತರ ಬರೆ.

ಅಪ್ಪ

ಏಪ್ರಿಲ್ ಹದಿನಾರು

ಅಪ್ಪಾ,

ನಲವತ್ತೂ ಓಡುತ್ತಿವೆ. ನಿನ್ನೆ ಟೈ ಸಾಹೇಬ ಬಂದಿದ್ದ. ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿದ. "ಗೋಂದು ಹಾಕಿದ್ರೂ ಹೇಗಮ್ಮಾ?" ಎಂದ. "ತಂತಿಯಿಂದ" ಎಂದೆ. ಸಹಿ ಹಾಕಿ ಹೋದ. ಯಂತ್ರಗಳನ್ನು ಹದಿನಾಲ್ಕು ಮನೆಗಳಿಗೆ ಹಂಚಿದ್ದೇವೆ. ಪಾಠ ಶುರುವಾಗಿದೆ.

ನಿನ್ನ ಪತ್ರ ತಲುಪಿತು. ಅಂಗಡಿಯಲ್ಲಿ ಕೆಲಸ ಬಹಳ. ಆಮೇಲೆ ಬರೆಯುತ್ತೇನೆ. ನೆಗಡಿ ಹೇಗಿದೆ?

ನಿನ್ನ ಮಗಳು

ಏಪ್ರಿಲ್ ಇಪ್ಪತ್ತನಾಲ್ಕು

ಮಗಳೇ,

ನಲವತ್ತೂ ಓಡುತ್ತಿವೆ ಎಂದು ಬರೆದಿದ್ದೀಯ. ನೆಗಡಿ ಹೇಗಿದೆ ಎಂದು ಕೇಳಿದ್ದೀಯ. ನನಗೆ ನೆಗಡಿ ಆಗಿರಲಿಲ್ಲ.

ಅಜ್ಜಿ ಹೇಗಿದ್ದಾಳೆ?

ಅಪ್ಪ

ಮೇ ಒಂದು

ಅಪ್ಪಾ,

ಅಜ್ಜಿಗೆ ಏನೂ ನೆನಪಿಲ್ಲ.

ಆ ಭಾನುವಾರ ಮಧ್ಯಾಹ್ನ ಐದು ಯಂತ್ರ ಹಚ್ಚಿ ನಾನು ಅನ್ನ ಬಸಿಯುತ್ತಿದ್ದೆ. ಕ್ಯಾಂಟೀನಿನ ಅಕ್ಕ, "ಅಷ್ಟರೊಳಗೆ ಮುದುಕಿನೂ ಎಬ್ಬಿಸ್ತೀನಿ, ಪ್ರತಿ ತೆಗೆಯೋಣ" ಎಂದು ಅಜ್ಜಿಯ ಗುಂಡಿ ಒತ್ತಿದಳು. ನಾನೇ "ಹೂಂ" ಎಂದೆ. ಸ್ವಲ್ಪ ಹೊತ್ತಿಗೆ ಅವಳು ನಕ್ಕಳು. "ನೋಡೇ ಇಲ್ಲಿ, ಅಜ್ಜಿನೂ ಹುಡುಗರ ಜೊತೆ ಕೂತು ಓದ್ತಿದಾಳೆ!" ಬಸಿಯುವ ಪಾತ್ರೆ ಕೈಯಲ್ಲಿ ಹಿಡಿದೇ ತಿರುಗಿ ನೋಡಿದೆ. ನಾನು ಹಚ್ಚಿದ್ದು ಐದು. ಓಡುತ್ತಿದ್ದ ಪರದೆ ಆರು.

ತಂತಿ ಕಿತ್ತು ಎಸೆದೆ, ಕರೆಂಟ್ ಕಿತ್ತೆ, ಕೈ ಸುಟ್ಟಿದ್ದು ಆಮೇಲೆ ತಿಳಿಯಿತು. ಏನೂ ಕೇಳಬೇಡ, ಅಳಿಸು ಎಂದು ಬರೆದವಳು ನಾನು. ಅದು ಹೇಳಿದ ಮಾತು ಕೇಳಿತು. ಅಷ್ಟು ಹೊತ್ತಿಗೆ ಅರ್ಧ ಸಿಸ್ಟಂ ಒಳಗಿಳಿದಿತ್ತು.

ಆ ದಿನವೇ ನಿನ್ನ ಎರಡು ಪತ್ರ ಪಕ್ಕದಲ್ಲಿಟ್ಟು ಎಣಿಸಿದೆ. ಕಪ್ಪಾಗಿದ್ದು ಏಳು ಸಾಲು. ನೀನು ಮತ್ತೆ ಹೇಳಿದ್ದು ಆರು. ಎಣಿಸಿ ಏಳು ಎಂದು ನಿನಗೆ ಬರೆದವಳೇ ನಾನು, ಬಂದದ್ದು ಎಷ್ಟು ಎಂದು ಎಣಿಸಲಿಲ್ಲ. ನಾಲ್ಕು ದಿನದ ಮೇಲೆ ನೀನು ಕೂತು ಆ ಏಳನೆಯದನ್ನು ಬರೆದೆ. ನನ್ನ ಕೈಗೆ ಬಂದಾಗ ಅದರ ಮೇಲೆ ಒಂದು ಚುಕ್ಕೆ ಮಸಿ ಇರಲಿಲ್ಲ.

ರಿಪೇರಿ ಅಂಗಡಿಯವರು ಎರಡು ವಾರ ಡಿಸ್ಕ್ ಕೆದಕಿದರು. ಹೇಳಿಕೆಗಳು ಒಂದೂ ಸಿಗಲಿಲ್ಲ. ಗೇಟಿನ ಚಿತ್ರದಲ್ಲಿ ಒಂಬತ್ತು ಸೆಕೆಂಡು ಉಳಿದಿದೆ. ಪರದೆ ಪೂರ್ತಿ ಬೂದಿ ಬಣ್ಣ, ಚಿತ್ರವಿಲ್ಲ. ದನಿ ಮಾತ್ರ. ನಿನ್ನದು. "ಹಿಂದೆ ಸರೀರಿ, ಒಳಗೆ ಜನ ಇದ್ದಾರೆ, ಹಿಂದೆ ಸರೀರಿ." ಅಕ್ಕ ಅದನ್ನು ಕೇಳಿ ಬಾಗಿಲ ಹೊರಗೆ ಹೋಗಿ ಕೂತಳು. ವಕೀಲಮ್ಮ ಎರಡು ಸಲ ಕೇಳಿ, "ದಿನ ಇಲ್ಲ, ಹೊತ್ತಿಲ್ಲ, ಮುಖ ಇಲ್ಲ ಕಣಮ್ಮ" ಎಂದರು.

ನಿನಗೆ ಬರೆದ ಪ್ರತಿ ಪತ್ರಕ್ಕೂ ಪ್ರತಿ ಇಟ್ಟಿದ್ದೇನೆ. ಬೀದಿಯವರ ಬಾಡಿಗೆ ಕರಾರಿಗೆ, ಕಂಡವರ ಅಂಕಪಟ್ಟಿಗೆ ದಿನಕ್ಕೆ ಮುನ್ನೂರು ಪ್ರತಿ ತೆಗೆಯುತ್ತೇನೆ.

ಬೈದು ಬರೆ.

ನಿನ್ನ ಮಗಳು

ಮೇ ಎಂಟು

ಮಗಳೇ,

ಬೈಯಲು ಕೂತೆ. ಯಾರಿಗೆ ಎಂದು ತಿಳಿಯಲಿಲ್ಲ.

ಆ ಗೋಂದು ಹಾಕಿದ ಕೈ ನನ್ನದು. ನಿನಗೆ ಹೇಳಿರಲಿಲ್ಲ. ಕೂಲಿಯವರು ಹಾಜರಿ ಪಟ್ಟಿಯ ಪ್ರತಿ ಹೊರಗೆ ಒಯ್ಯುತ್ತಾರೆ, ತೂತು ಮುಚ್ಚು ಎಂದು ಟೈ ಸಾಹೇಬ ಹೇಳಿದ. ನಾನು ಎರಡು ದಿನ ಮಂಡಿಯೂರಿ ಒಂದೊಂದಕ್ಕೂ ತುಂಬಿದೆ. ಅಜ್ಜಿಯೂ ಆ ಸಾಲಿನಲ್ಲೇ ಇದ್ದವಳು, ಗುಜರಿಗೆ ಬಂದಾಗ ಸಂಘ ಕೊಂಡದ್ದು. ಎದ್ದ ಕೂಡಲೇ ಮೊದಲು ತಂತಿಯನ್ನು ಕೇಳು, ಆಮೇಲೆ ನಿನ್ನ ಡಿಸ್ಕ್ ನೋಡು ಎಂದು ಎಲ್ಲ ಯಂತ್ರಕ್ಕೂ ಕಲಿಸಿದವನೂ ನಾನೇ. ಕುರ್ಚಿಯಿಂದ ಏಳದೆ ಎಲ್ಲವನ್ನೂ ಒರೆಸಿ ಹಾಕಬಹುದಲ್ಲ ಎಂದು. ಆ ವರ್ಷ ಕಂಪನಿ ನನಗೊಂದು ಗಡಿಯಾರ ಕೊಟ್ಟಿತು, ಗೋಡೆ ಮೇಲಿದೆ ನೋಡು. ಯಾರಿಗಾಗಿ ಮುಚ್ಚುತ್ತಿದ್ದೇನೆ, ಯಾರಿಗಾಗಿ ಒರೆಸುತ್ತಿದ್ದೇನೆ ಎಂದು ಆಗ ಕೇಳಲಿಲ್ಲ. ಮಸಿ ಸಾಹೇಬರನ್ನು ಓದದೆ ಅಳಿಸುವವರು ಎಂದು ಹಂಗಿಸಿದೆ. ಅವರ ಕೆಲಸ ನಾನು ಹತ್ತೊಂಬತ್ತು ವರ್ಷ ಮಾಡಿದ್ದೇನೆ.

ಆ ಗೋಂದು ಇಲ್ಲದಿದ್ದರೆ ಒಂದು ಪೆನ್‌ಡ್ರೈವಿನಲ್ಲಿ ಎಲ್ಲ ಮುಗಿಯುತ್ತಿತ್ತು. ಇದನ್ನು ನಿನಗೆ ಸಮಾಧಾನವಾಗಲಿ ಎಂದು ಬರೆಯುತ್ತಿಲ್ಲ. ನಡೆದದ್ದು ಹೀಗೆ.

ಈಗ ಮಾಡಬೇಕಾದ್ದು ಒಂದೇ. ಯಂತ್ರ ಮರೆತರೂ ಜನ ಮರೆತಿಲ್ಲ. ಐವತ್ತಮೂರು ಮಂದಿಯ ಮನೆಗೂ ಹೋಗು. ಮತ್ತೆ ಹೇಳಿ ಎನ್ನು. ಈ ಸಲ ಕಾಗದದ ಮೇಲೆ, ಸಹಿ ಸಮೇತ, ಮೂರು ಪ್ರತಿ.

ಅಪ್ಪ

ಜೂನ್ ಮೂರು

ಅಪ್ಪಾ,

ಮೇ ಹನ್ನೆರಡಕ್ಕೆ ಕೋರ್ಟಿನಲ್ಲಿ ನಿನ್ನನ್ನು ಪರದೆಯ ಮೇಲೆ ತೋರಿಸಿದರು. ನಾನು ಮೂರನೆಯ ಬೆಂಚಿನಲ್ಲಿದ್ದೆ. ನಿನಗೆ ಕಾಣಲಿಲ್ಲ, ಅವರ ಕ್ಯಾಮೆರಾ ಬೆಂಚಿನ ಕಡೆ ತಿರುಗುವುದಿಲ್ಲ. ವಕೀಲಮ್ಮ ಒಂಬತ್ತು ಸೆಕೆಂಡು ಕೇಳಿಸಿದರು. ನಿನ್ನ ದನಿಯನ್ನೇ ಕೇಳುತ್ತಾ ನೀನು ತಲೆ ಎತ್ತಿದೆ. ಅಷ್ಟರಲ್ಲಿ ಪರದೆ ಸ್ತಬ್ಧವಾಯಿತು. ಬಾಯಿ ಅರ್ಧ ತೆರೆದ ನಿನ್ನ ಮುಖವನ್ನು ಎದುರಿಗಿಟ್ಟುಕೊಂಡೇ ಜಾಮೀನು ಇಲ್ಲ ಎಂದು ಓದಿದರು. ನಿನಗೆ ಅದು ಕೇಳಿಸಿತೋ ಇಲ್ಲವೋ ಎಂದು ಯಾರೂ ನೋಡಲಿಲ್ಲ.

ಗೋಡೆಯ ಗಡಿಯಾರ ಇಳಿಸಿದೆ. ಗೋಡೆಯ ಮೇಲೆ ಬಿಳಿಯ ದುಂಡು ಉಳಿದಿದೆ.

ಐವತ್ತಮೂರು ಮನೆಗೂ ಹೋದೆ. ಹನ್ನೆರಡು ಮನೆಗೆ ಬೀಗ, ಬೇರೆ ಊರಿಗೆ ಕೆಲಸ ಹುಡುಕಿ ಹೋಗಿದ್ದಾರೆ. ಆರು ಮಂದಿಯನ್ನು ಕಂಪನಿ ಈಗ ಕರೆದು ಕೆಲಸ ಕೊಟ್ಟಿದೆ. ಒಪ್ಪಂದದ ಹನ್ನೊಂದರಲ್ಲಿ ಅಲ್ಲ, ಹೇಳಿಕೆ ಕೊಟ್ಟವರಲ್ಲಿ. ಅವರ ಹೆಂಡಂದಿರು ಬಾಗಿಲಲ್ಲೇ ಕೈ ಮುಗಿದರು. ಪ್ಯಾಕಿಂಗಿನ ಮಾವ, "ಒಂದ್ಸಲ ಹೇಳಿದ್ನಲ್ಲಮ್ಮಾ. ಕಳ್ಕೊಂಡಿದ್ದು ನೀವು. ಮತ್ತೆ ಅದೇ ಬೆಂಕಿ ಹೊಟ್ಟೆಯೊಳಗೆ ಹಚ್ಕೊಳ್ಳಾ?" ಎಂದರು. ನೀರು ಕೇಳಿ ಕುಡಿದು ಬಂದೆ. ಉಳಿದವರು "ನೋಡೋಣ" ಎಂದರು. ನೋಡೋಣ ಎಂದರೆ ಏನೆಂದು ನಿನಗೂ ಗೊತ್ತು ನನಗೂ ಗೊತ್ತು.

ಬರುತ್ತೇನೆ ಎಂದವರು ಏಳು ಮಂದಿ. ಕ್ಯಾಂಟೀನಿನ ಅಕ್ಕ ಸೇರಿ.

ಪಾಠಕ್ಕೂ ಜನ ಕಡಿಮೆಯಾಗಿದ್ದಾರೆ. ಯಂತ್ರಗಳು ಮಾತ್ರ ಒಂದೂ ಕೆಟ್ಟಿಲ್ಲ, ನಿನ್ನ ಕೆಲಸ ಅಷ್ಟು ಗಟ್ಟಿ. ಸೂಲಗಿತ್ತಿಯ ತಂತಿ ಕಿತ್ತಿಟ್ಟಿದ್ದೇನೆ. ಅಜ್ಜಿಯನ್ನು ಯಾರಿಗೂ ಕೊಡಲಿಲ್ಲ, ಖಾಲಿ ಹೊಟ್ಟೆಯಲ್ಲೇ ಮೂಲೆಯಲ್ಲಿ ಕೂತಿದ್ದಾಳೆ.

ಇದರಲ್ಲಿ ಒಂದೂ ಅಂಕಿ ಬರೆದಿಲ್ಲ, ಎರಡು ಸಲ ಓದಿ ನೋಡಿದೆ. ಮಸಿ ಸಾಹೇಬರೇ, ನೀವು ಓದದಿದ್ದರೂ ನಿಮಗೂ ಹೇಳುತ್ತಿದ್ದೇನೆ. ಈ ಕೊನೆಯ ಸಾಲು ನನ್ನ ಅಪ್ಪನಿಗೆ ತಲುಪಬೇಕು. ಅಪ್ಪಾ, ಅದರಲ್ಲಿ ಬರೆದ ಹೊತ್ತಿಗೆ ನೀನೂ ಅಲ್ಲಿ ಗೋಡೆಗೆ ಒರಗಿ, ನಮ್ಮ ಜೊತೆಗೇ ಕೂತ ಹಾಗೆ ಕೂರು.

ಹೇಳಿಕೆ ಬರೆಸುವ ಸಭೆ: ನಮ್ಮ ಮನೆ, ಜೂನ್ ಹದಿನಾಲ್ಕು, ಭಾನುವಾರ, ಸಂಜೆ ನಾಲ್ಕು ಗಂಟೆ.

ನಿನ್ನ ಮಗಳು